ಕಾಣದ ಪಾಯಕ್ಕೆ ಯಾರು ಹೊಣೆ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯ ಪಾಯ ರಿಪೇರಿ ಮಾಡಿ ನೋಡು ಎಂದು ಯಾರೂ ಹೇಳಲಿಲ್ಲ. ಹೊಸ ಮನೆಗಾದರೆ ಶಂಕುಸ್ಥಾಪನೆಯುಂಟು, ಬಾಗಿಲು ನಿಲ್ಲಿಸುವ ಪೂಜೆಯುಂಟು, ಗೃಹಪ್ರವೇಶದ ಊಟವುಂಟು. ಗೋಡೆಗೆ ಬಣ್ಣ ಹೊಡೆಸಿದರೆ ನೆಂಟರು ಎರಡು ಒಳ್ಳೆಯ ಮಾತಾಡುತ್ತಾರೆ. ಅಡಿಗೆಮನೆಗೆ ಹೊಸ ಕಲ್ಲು ಹಾಕಿಸಿದರೆ ಮನೆಯಾಕೆಗೆ ಸಂತೋಷ. ಪಾಯಕ್ಕೆ ಖರ್ಚು ಮಾಡಿದವನಿಗೆ ಮಾತ್ರ ತೋರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಗುಂಡಿ ತೋಡುತ್ತಾರೆ, ಏನೋ ಮಾಡುತ್ತಾರೆ, ಮತ್ತೆ ಮುಚ್ಚುತ್ತಾರೆ. ಹಣ ನಿಜವಾಗಿಯೂ ಮಣ್ಣಿಗೇ ಹೋಗುತ್ತದೆ.

ಆದುದರಿಂದಲೇ ಇಲ್ಲೊಂದು ಪ್ರಶ್ನೆ ಏಳುತ್ತದೆ. ನಾವು ಹಾಕದ, ನಮ್ಮ ಕಣ್ಣಿಗೆ ಬೀಳದ, ನಾಳೆ ನಾವು ಬಿಟ್ಟುಹೋಗಬಹುದಾದ ಪಾಯವನ್ನು ಗಟ್ಟಿಯಾಗಿಡುವ ಹೊಣೆ ನಮ್ಮದು ಹೇಗಾದೀತು? ಮೇಲುನೋಟಕ್ಕೆ ಇದು ಎಂಜಿನಿಯರರು ಉತ್ತರಿಸಬೇಕಾದ ಪ್ರಶ್ನೆ. ಆದರೆ ಎಂಜಿನಿಯರರು ತಮ್ಮ ಪಾಲಿನ ಉತ್ತರ ಕೊಟ್ಟು ಹೋದಮೇಲೆಯೇ ನಿಜವಾದ ಪ್ರಶ್ನೆ ಶುರುವಾಗುತ್ತದೆ ಎಂಬುದು ಮುಂಬಯಿಯಂಥ ಊರಿನಲ್ಲಿ ಸೊಸೈಟಿ ಕಟ್ಟಡಗಳಲ್ಲಿ ಬಾಳುವ ನಮಗೆಲ್ಲ ಗೊತ್ತಿದ್ದದ್ದೇ.

ಮೊದಲು ರೋಗವೇನೆಂದು ತಿಳಿಯೋಣ. ಕಾಂಕ್ರೀಟು ಭಾರವನ್ನು ಹೊರಬಲ್ಲುದು, ಎಳೆತವನ್ನು ತಾಳಲಾರದು. ಅದಕ್ಕಾಗಿಯೇ ಅದರೊಳಗೆ ಕಬ್ಬಿಣದ ಸರಳು ಇಡುತ್ತಾರೆ. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣದ ಅಂಶ ಹುಟ್ಟಿ, ಹೊಸ ಕಾಂಕ್ರೀಟು ಪ್ರಬಲವಾದ ಕ್ಷಾರವಾಗಿರುತ್ತದೆ, ಅದರ ಪಿ.ಎಚ್. 12.5ಕ್ಕೂ ಮೇಲೆ. ಆ ಕ್ಷಾರದ ಆಶ್ರಯದಲ್ಲಿ ಸರಳಿನ ಮೈಮೇಲೆ ತೆಳುವಾದೊಂದು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಒಳಗಿಳಿದು ಸುಣ್ಣವನ್ನು ಸೀಮೆಸುಣ್ಣದ ಪುಡಿಯಂಥದ್ದಾಗಿ ಮಾರ್ಪಡಿಸುತ್ತದೆ. ಕ್ಷಾರ ಇಳಿಯುತ್ತದೆ, ಪೊರೆ ಕಳಚುತ್ತದೆ. ಸಮುದ್ರದ ಉಪ್ಪು ಸೇರಿದರಂತೂ ಕ್ಷಾರ ಇಳಿಯುವವರೆಗೂ ಕಾಯುವುದಿಲ್ಲ. ನೇರವಾಗಿ ಪೊರೆಯನ್ನೇ ಕಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗವಿಲ್ಲದೆ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೊರಗೆ ನಮಗೆ ಕಾಣುವ ಬಿರುಕು ರೋಗದ ಆರಂಭವಲ್ಲ. ಒಳಗೆ ಬಹಳ ದಿನ ನಡೆದುಹೋದದ್ದರ ವರದಿ ಮಾತ್ರ.

ಇದನ್ನು ಪರೀಕ್ಷಿಸುವ ಒಂದು ವಿಧಾನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಎಲ್ಲರಿಗೂ ಪರಿಚಿತ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದಿದ್ದ ಕಡೆ ಗುಲಾಬಿ ಬಣ್ಣ ಏಳುತ್ತದೆ. ಕ್ಷಾರ ಇಳಿದುಹೋಗಿದ್ದರೆ ಬಣ್ಣವೇ ಬರುವುದಿಲ್ಲ. ಬಿ.ಎಸ್ಸಿ. ಓದುವಾಗ ನಾವು ಟೈಟ್ರೇಷನ್ ಮಾಡುತ್ತ ಬಣ್ಣ ಯಾವಾಗ ಹೋದೀತೆಂದು ಕಾಯುತ್ತಿದ್ದೆವು. ಡೊಂಬಿವಲಿಯ ನಮ್ಮ ಕಟ್ಟಡದ ಕಂಬದ ಬುಡವನ್ನು ಕೆತ್ತಿ ಎಂಜಿನಿಯರರು ಅದೇ ದ್ರಾವಣ ಹಾಕಿದಾಗ, ಬಣ್ಣ ಬರಲಪ್ಪಾ ಎಂದು ಕಾದೆವು. ಬರಲಿಲ್ಲ.

ಇಪ್ಪತ್ತನಾಲ್ಕು ಮನೆಗಳ ಕಟ್ಟಡ. 1988ರಲ್ಲಿ ಎದ್ದದ್ದು. ಹಿಂಬದಿಯ ಆರು ಕಂಬಗಳು ನೆಲಮಟ್ಟದಿಂದ ಕೆಳಕ್ಕೆ, ಫೂಟಿಂಗಿನವರೆಗೆ, ದುರ್ಬಲವಾಗಿವೆ ಎಂದು ವರದಿ ಬಂತು. ಸೋರುವ ಚರಂಡಿ ಕೊಳವೆಯೊಂದು ವರ್ಷಾನುಗಟ್ಟಲೆ ಅಲ್ಲಿಯ ಮಣ್ಣನ್ನು ನೆನೆಸುತ್ತಿತ್ತು. ಸದಾ ನೀರಿನಲ್ಲಿ ಮುಳುಗಿದ ಕಾಂಕ್ರೀಟಿಗಿಂತ ನೆನೆದು ಒಣಗಿ, ಮತ್ತೆ ನೆನೆದು ಒಣಗುವ ಕಾಂಕ್ರೀಟಿಗೇ ಅಪಾಯ ಹೆಚ್ಚು. ವರದಿಯನ್ನು ಸೊಸೈಟಿಯ ಮೀಟಿಂಗಿನಲ್ಲಿ ಓದಿದ್ದಾಯಿತು. ಆ ಮೇಲೆ ನಡೆದ ಮಾತುಗಳನ್ನು ಓದುಗರು ತಮ್ಮ ತಮ್ಮ ಸೊಸೈಟಿಗಳಲ್ಲೂ ಕೇಳಿರಬಹುದು.

ಐದನೆಯ ಮಹಡಿಯವರು, "ಬಿರುಕು ಬಿಟ್ಟಿರುವುದು ಕೆಳಗೆ, ಕೆಳಗಿನವರೇ ನೋಡಿಕೊಳ್ಳಲಿ" ಎಂದರು. ಕೆಳಗಿನವರು, "ಹತ್ತದ ಲಿಫ್ಟಿಗೆ ಇಷ್ಟು ವರ್ಷ ನಾವು ದುಡ್ಡು ಕಟ್ಟಲಿಲ್ಲವೇ?" ಎಂದು ಕೇಳಿದರು. ಒಬ್ಬರು ಮೊದಲು ಹೊರಗೋಡೆಗೆ ಬಣ್ಣವಾಗಲಿ ಎಂದರು. ಇನ್ನೊಬ್ಬರು, "ಇವತ್ತಲ್ಲ ನಾಳೆ ಬಿಲ್ಡರ್ ಬಂದು ಪೂರ್ತಿ ಕೆಡವಿ ಹೊಸದು ಕಟ್ಟುತ್ತಾನೆ, ಸಾಯುವ ಕಟ್ಟಡಕ್ಕೆ ಔಷಧಿ ಏಕೆ?" ಎಂದರು. ಮನೆ ಮಾರಲು ಹೊರಟಿದ್ದ ಒಬ್ಬರು ವರದಿಯನ್ನು ಮೀಟಿಂಗಿನ ನಡಾವಳಿಯಲ್ಲಿ ಬರೆಯಬೇಡಿರೆಂದು ವಿನಂತಿಸಿಕೊಂಡರು. ನಮ್ಮವರೇ ಆದ ಒಬ್ಬರು ಕನ್ನಡದಲ್ಲಿ ಮೆಲ್ಲಗೆ, "ರಿಟೈರ್ ಆದಮೇಲೆ ನಾವೆಲ್ಲ ಊರಿಗೆ ಹೋಗುವವರೇ ತಾನೆ, ಸಾರ್? ನಮಗೇಕೆ ಇದು?" ಎಂದರು.

ಇವರಲ್ಲಿ ಯಾರೂ ಕೆಟ್ಟವರಲ್ಲ. ಅವರು ಹೇಳಿದ ಒಂದೊಂದು ಮಾತಿನ ಹಿಂದೆಯೂ ಒಂದು ನ್ಯಾಯವಿದೆ. ಆ ನ್ಯಾಯ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನಷ್ಟೇ ನೋಡಬೇಕು.

ಪಾಯ ಯಾರದು? ಕೆಳಗಿನ ಮನೆ ಪಾಯಕ್ಕೆ ಹತ್ತಿರವಿದೆ ನಿಜ. ಆದರೆ ನೆಲ ಅಂತಸ್ತಿನ ಮನೆ ತನ್ನ ಭಾರವನ್ನಷ್ಟೇ ಪಾಯದ ಮೇಲೆ ಹಾಕುತ್ತದೆ. ಐದನೆಯ ಮಹಡಿಯೂ ತನ್ನ ಭಾರವನ್ನು ಅದೇ ಕಂಬದ ಮೂಲಕ ಅಲ್ಲಿಗೇ ಇಳಿಸುತ್ತದೆ. ದೂರವಿದ್ದವರ ಭಾರ ಕಡಿಮೆಯೇನಲ್ಲ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ನಿಯಮಾವಳಿಯಲ್ಲಿ ಲಿಫ್ಟಿನ ಖರ್ಚನ್ನು ಆ ಕಟ್ಟಡದ ಸದಸ್ಯರೆಲ್ಲರೂ, ಲಿಫ್ಟು ಬಳಸಲಿ ಬಿಡಲಿ, ಸಮನಾಗಿ ಹೊರಬೇಕೆಂದಿದೆ. ಉಪಯೋಗ ಪಡೆದಷ್ಟೇ ಹೊಣೆ ಎಂಬ ಲೆಕ್ಕ ಸೇರಿ ಬಾಳುವ ಕಡೆ ನಡೆಯುವುದಿಲ್ಲವೆಂದು ನಿಯಮ ಬರೆದವರಿಗೆ ತಿಳಿದಿತ್ತು. ನೆಲದವರು ಲಿಫ್ಟಿಗೆ ಕೊಡುವುದೂ ಮಹಡಿಯವರು ಪಾಯಕ್ಕೆ ಕೊಡುವುದೂ ಒಂದೇ ಧರ್ಮದ ಎರಡು ಮುಖ.

ಇದೇ ಮಾತು ತಿರುಗಿಸಿ ನೋಡಿದರೂ ನಿಜ. ಪಾಯ ಎಲ್ಲರದಾದ್ದರಿಂದ ಯಾರೊಬ್ಬರದೂ ಅಲ್ಲ. 2017ರ ಜುಲೈ 25ರಂದು ಘಾಟ್ಕೋಪರಿನಲ್ಲಿ ವಸತಿ ಕಟ್ಟಡವೊಂದು ಕುಸಿದು 17 ಮಂದಿ ಸತ್ತರು. ನೆಲ ಅಂತಸ್ತಿನಲ್ಲಿ ನಡೆಯುತ್ತಿದ್ದ ನವೀಕರಣದಲ್ಲಿ ಕಂಬಗಳಿಗೆ ಪೆಟ್ಟು ಬಿತ್ತೆಂಬುದೇ ಆ ಪ್ರಕರಣದ ಮುಖ್ಯ ಆಪಾದನೆ. ನನ್ನ ಮನೆ, ನನ್ನ ಗೋಡೆ, ನನ್ನ ಇಷ್ಟ ಎನ್ನುವ ಮಾತು ಕಂಬದ ಹತ್ತಿರ ಬಂದಾಗ ನಿಲ್ಲಲೇಬೇಕು. ದಸ್ತಾವೇಜಿನಲ್ಲಿ ನಮ್ಮ ಹೆಸರಿರುವ ನಾಲ್ಕು ಗೋಡೆಗಳ ಒಳಗೂ ನಮ್ಮದಲ್ಲದ ವಸ್ತುವೊಂದು ನಿಂತಿರುತ್ತದೆ. ಅದು ಇತರರ ತಲೆಯ ಮೇಲಿನ ಸೂರನ್ನು ಹೊತ್ತ ಕಂಬ.

ಇನ್ನು ಹಣದ ಮಾತು. ಸೊಸೈಟಿಗಳಲ್ಲಿ 'ಸಿಂಕಿಂಗ್ ಫಂಡ್' ಎಂದೊಂದಿದೆ. ಹೆಸರು ಕೇಳಿದರೆ ಮುಳುಗುವ ನಿಧಿಯೇನೋ ಅನಿಸುತ್ತದೆ; ಅದರ ಕೆಲಸ ಮಾತ್ರ ಮುಳುಗದಂತೆ ಕಾಯುವುದು. ಮನೆಯ ಕಟ್ಟಡ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇಕಡಾ 0.25ರಂತೆ ಇದಕ್ಕೆ ಕೂಡಿಸಬೇಕೆಂದೂ, ರಿಪೇರಿ ನಿಧಿಗೆ ಕನಿಷ್ಠ ಶೇಕಡಾ 0.75ರಂತೆ ಕೊಡಬೇಕೆಂದೂ ಮಾದರಿ ನಿಯಮಾವಳಿ ಹೇಳುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಕಟ್ಟುವ ಕಾಲಕ್ಕೆ ಒಂದು ಮನೆಯ ವೆಚ್ಚ 1 ಲಕ್ಷ ರೂಪಾಯಿ ಆಗಿದ್ದರೆ, ಸಿಂಕಿಂಗ್ ಫಂಡಿಗೆ ವರ್ಷಕ್ಕೆ ಬೀಳುವುದು 250 ರೂಪಾಯಿ. ಸಿಮೆಂಟು, ಸರಳು, ಕೂಲಿ ಎಲ್ಲವೂ ಇಂದಿನ ದರದಲ್ಲಿ. ನಿಧಿ ಮಾತ್ರ ಅಂದಿನ ದರದಲ್ಲಿ. ಹೆಚ್ಚು ಕೂಡಿಸಲು ಸರ್ವಸದಸ್ಯರ ಸಭೆಗೆ ಅಧಿಕಾರವಿದೆ. ಆದರೆ ಪ್ರತಿ ವರ್ಷದ ಸಭೆಯಲ್ಲೂ 'ಕನಿಷ್ಠ' ಎಂಬ ಪದವನ್ನೇ ಗಟ್ಟಿಯಾಗಿ ಹಿಡಿಯುವುದು ರೂಢಿ. ಹೀಗೆ ಮೂವತ್ತು ವರ್ಷ ಇಲ್ಲಿದ್ದು ಹೋದವರು ಕಟ್ಟದೆ ಉಳಿಸಿದ ಹಣ ಈಗಿರುವವರ ತಲೆಯ ಮೇಲೆ ಒಟ್ಟಿಗೆ ಬೀಳುತ್ತದೆ. ಇದು ನ್ಯಾಯವೇ ಎಂದರೆ, ಅಲ್ಲ. ಆದರೆ ಹಿಂದಿನವರು ನಮಗೆ ಮಾಡಿದ್ದನ್ನೇ ನಾವು ಮುಂದಿನವರಿಗೆ ಮಾಡುವುದು ಅದಕ್ಕೆ ಪರಿಹಾರವೂ ಅಲ್ಲ. ಸರಪಣಿಯನ್ನು ಯಾರಾದರೊಬ್ಬರು ಕಡಿಯಬೇಕು. ಕಡಿಯುವವರಿಗೆ ನಷ್ಟವಾಗಿಯೇ ಆಗುತ್ತದೆ.

ಆ ನಷ್ಟ ಎಲ್ಲರಿಗೂ ಒಂದೇ ಸಮನಲ್ಲ ಎಂಬುದನ್ನೂ ಮರೆಯಬಾರದು. ಇಬ್ಬರು ದುಡಿಯುವ ಮನೆಗೆ ಒಂದು ಲಕ್ಷ ರೂಪಾಯಿ ಕಷ್ಟ; ಕುಟುಂಬ ಪಿಂಚಣಿಯಲ್ಲಿ ದಿನ ನೂಕುವ ಒಂಟಿ ಹೆಂಗಸಿಗೆ ಅದು ಅಸಾಧ್ಯ. ಪಾಲು ಸಮನಾಗಿರಲಿ, ಕೊಡುವ ಕಾಲಾವಧಿ ಸಮನಾಗಿರಬೇಕಾಗಿಲ್ಲ. ಕೆಲವರು ಮುಂಚಿತವಾಗಿ ಪೂರ್ತಿ ಕಟ್ಟಿ, ಇನ್ನು ಕೆಲವರಿಗೆ ಮೂರು ವರ್ಷದ ಕಂತು ಮಾಡಿಕೊಟ್ಟರೆ ಕೆಲಸ ನಡೆಯುತ್ತದೆ. ಸರಕಾರಿ ನೌಕರರಾದ ನಮಗೆ ಮುಂಗಡ, ಕಂತು, ಸಂಬಳದಲ್ಲಿ ಕಡಿತ ಇವೇನೂ ಹೊಸತಲ್ಲ. ಸರಕಾರ ನಮ್ಮನ್ನು ನಂಬಿ ಮನೆಗೆ ಮುಂಗಡ ಕೊಟ್ಟಿತು. ನೆರೆಯವರನ್ನು ಅಷ್ಟು ಮಟ್ಟಿಗೆ ನಾವು ನಂಬಲಾರೆವೇ?

ಮನೆ ಮಾರಲು ಹೊರಟವರ ಪ್ರಶ್ನೆ ಇನ್ನೂ ಸೂಕ್ಷ್ಮ. ಅವರಿಗೂ ಮಗಳ ಮದುವೆಯ ಖರ್ಚಿತ್ತು. ವರದಿ ಬಯಲಾದರೆ ಬೆಲೆ ಇಳಿಯುತ್ತದೆ. ಎರಡು ಕೈ ಪ್ಲಾಸ್ಟರು, ಒಂದು ಕೈ ಬಣ್ಣ ಬಳಿದರೆ ಕೊಳ್ಳುವವನಿಗೆ ಏನೂ ಕಾಣದು. ಕೇಳದಿದ್ದವನಿಗೆ ಹೇಳದಿರುವುದು ಸುಳ್ಳಾಗುತ್ತದೆಯೇ? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಇದಕ್ಕೆ ನೂರು ವರ್ಷಗಳಿಗೂ ಹಿಂದೆಯೇ ಉತ್ತರ ಕೊಟ್ಟಿದೆ. ಮಾರುವವನಿಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷವನ್ನು ಮಾರುವವನು ತಾನಾಗಿ ಹೇಳಲೇಬೇಕು. ಪಾಯದ ದೋಷಕ್ಕಿಂತ ಹೆಚ್ಚಾಗಿ ಈ ಮಾತಿಗೆ ಸಲ್ಲುವ ದೋಷ ಬೇರೆ ಯಾವುದಿದೆ? ಕಾಯಿದೆಯ ಮಾತು ಹಾಗಿರಲಿ. ಆ ಮನೆಗೆ ಬರುವವರು ಯಾರು? ನಮ್ಮ ಹಾಗೆಯೇ ಭವಿಷ್ಯನಿಧಿ ತೆಗೆದು, ಬ್ಯಾಂಕಿನ ಸಾಲ ಹೊತ್ತು, ಹೆಂಡತಿಯ ಬಳೆ ಅಡವಿಟ್ಟು ಬರುವ ಇನ್ನೊಂದು ಕುಟುಂಬ. ಮಗಳ ಮದುವೆಗೆಂದು ಇನ್ನೊಬ್ಬರ ಮಗಳನ್ನು ಬಿರುಕಿನ ಮೇಲೆ ಮಲಗಿಸಲು ನಮ್ಮಲ್ಲಿ ಯಾರೂ ಒಪ್ಪಲಾರರು. ಹಾಗೆ ಬಿಡಿಸಿ ಹೇಳಿಕೊಳ್ಳದೆ ಇರುವುದರಿಂದಲೇ ಮನಸ್ಸು ಒಪ್ಪುತ್ತದೆ. ವರದಿ ನಡಾವಳಿಯಲ್ಲಿ ದಾಖಲಾಯಿತು. ಆ ಗೃಹಸ್ಥರು ರಿಪೇರಿ ಮುಗಿಯುವವರೆಗೆ ಕಾದು, ಎಂಜಿನಿಯರರ ಪ್ರಮಾಣಪತ್ರದೊಂದಿಗೇ ಮಾರಿದರು.

ಹೊಸ ಕಟ್ಟಡ ಬರುತ್ತದೆಂದು ಕಾಯುವವರ ವಾದಕ್ಕೆ ಹೆಚ್ಚು ಮಾತು ಬೇಡ. ಬಿಲ್ಡರ್ ಬರಲಿ, ಒಳ್ಳೆಯದೇ. ಆದರೆ ಅವನು ಬರುವ ದಿನಾಂಕ ಕಂಬಕ್ಕೆ ಗೊತ್ತಿಲ್ಲ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ, ಹದಿನೈದರಿಂದ ಮೂವತ್ತು ವರ್ಷದ್ದಕ್ಕೆ ಐದು ವರ್ಷಕ್ಕೊಮ್ಮೆ ತಪಾಸಣೆಯಾಗಬೇಕೆಂದು ನಿಯಮಾವಳಿ ಹೇಳುವುದು ಅದಕ್ಕೇ. ನಾಳೆ ಬರುವ ಹೊಸ ಸೂರಿನ ಆಸೆಯಿಂದ ಇಂದು ರಾತ್ರಿ ಮಲಗುವ ಸೂರನ್ನು ಅಲಕ್ಷಿಸುವುದು ವಿವೇಕವಲ್ಲ.

ಇವೆಲ್ಲಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು ಕನ್ನಡದಲ್ಲಿ ಮೆಲ್ಲಗೆ ಬಂದ ಆ ಮಾತು. 'ನಾವು ಊರಿಗೆ ಹೋಗುವವರು' ಎಂಬುದು ಹೊರನಾಡಿನ ಕನ್ನಡಿಗರಾದ ನಮ್ಮೆಲ್ಲರ ಎದೆಯಲ್ಲೂ ಇರುವ ಮಾತು. ಇಪ್ಪತ್ತು ವರ್ಷವಾದರೂ ಇಲ್ಲಿಯದು 'ಮನೆ', ಅಲ್ಲಿಯದು 'ನಮ್ಮ ಮನೆ'. ಇಲ್ಲಿ ಪಾಯಕ್ಕೆ ಹಣ ಕೇಳಿದರೆ, ನಾವು ಅಲ್ಲಿಯವರು ಎನ್ನುತ್ತೇವೆ. ಊರಿನಿಂದ ಅಣ್ಣ ಫೋನು ಮಾಡಿ, "ಹಿತ್ತಲ ಕಡೆ ಗೋಡೆ ಕೂತಿದೆ ಕಣಪ್ಪಾ, ಮಳೆಗಾಲಕ್ಕೆ ಮುಂಚೆ ಪಾಯ ಬಿಗಿ ಮಾಡಿಸಬೇಕು" ಎಂದರೆ, ಅಲ್ಲಿರುವವನು ನೀನು, ನಾವು ಮುಂಬಯಿಯವರು ಎಂಬ ದನಿ ನಮ್ಮ ಮಾತಿನಲ್ಲಿ ತಾನಾಗಿ ಬಂದುಬಿಡುತ್ತದೆ. ಎರಡು ಮನೆಗಳಿರುವವನು ಎರಡನ್ನೂ ರಿಪೇರಿ ಮಾಡದೆ ಕೆಡವುವುದು ಹೀಗೆ. ಒಂದು ಕಡೆ ಹೋಗುವವನೆಂದು, ಇನ್ನೊಂದು ಕಡೆ ಹೋದವನೆಂದು ಅವನು ಎರಡು ಹೊಣೆಯಿಂದಲೂ ಪಾರಾಗುತ್ತಾನೆ. ನಮ್ಮ ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಊರೆಂದರೆ ಬೇಸಿಗೆ ರಜೆಯ ಮಾವಿನಹಣ್ಣು, ಮುಂಬಯಿ ಎಂದರೆ ಬಾಡಿಗೆಯ ಬಾಳು ಎಂದು ಅವರಿಗೆ ನಾವೇ ಕಲಿಸಿದಂತಾಗುತ್ತದೆ. ಆಮೇಲೆ ಅವರು ಎಲ್ಲಿ ಬೇರು ಬಿಟ್ಟಾರು?

ಬಿಟ್ಟುಹೋಗುತ್ತೇವೆ ಎಂಬುದು ಹೊಣೆಯಿಂದ ಬಿಡುಗಡೆ ಕೊಡುವುದಾದರೆ, ಭೂಮಿಯ ಮೇಲೆ ಯಾರಿಗೂ ಯಾವ ಹೊಣೆಯೂ ಇರುವುದಿಲ್ಲ. ಎಲ್ಲರೂ ಬಿಟ್ಟುಹೋಗುವವರೇ. ನಮ್ಮ ಹಿರಿಯರು ದೇವಋಣ, ಋಷಿಋಣ, ಪಿತೃಋಣ ಎಂದು ಎಣಿಸಿದರು. ಪಿತೃಋಣವನ್ನು ತೀರಿಸುವುದು ಸತ್ತ ತಂದೆಗೆ ಹಿಂದಿರುಗಿಸಿ ಅಲ್ಲ, ಮುಂದಿನ ಮಕ್ಕಳನ್ನು ಬೆಳೆಸಿ. ಪಾಯದ ಋಣವೂ ಅಂಥದ್ದೇ. ಅದನ್ನು ಹಾಕಿದವರ ಕೈಗೆ ಏನೂ ಕೊಡಲಾಗದು, ಅವರೆಲ್ಲಿದ್ದಾರೋ. ಮುಂದೆ ಬರುವವರ ಪಾದದ ಕೆಳಗೆ ಅದನ್ನು ಗಟ್ಟಿಯಾಗಿ ಇಟ್ಟುಹೋಗಬಹುದು, ಅಷ್ಟೆ.

ಹಾಕಿದವರು ಯಾರು ಎಂಬುದಕ್ಕೆ ಅರ್ಧ ಉತ್ತರ ಕೆಲಸ ಶುರುವಾದ ದಿನ ಸಿಕ್ಕಿತು. ಗುಂಡಿಯೊಳಗಿಂದ ಬಂದ ಮಾತು ಕನ್ನಡ. ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದ ಕೂಲಿಕಾರರು. ಮಣ್ಣು ಹೊರುತ್ತಿದ್ದ ಹೆಂಗಸರ ಮಗುವೊಂದು ನಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಸೀರೆಯ ಜೋಲಿಯಲ್ಲಿ ಮಲಗಿತ್ತು. ಗೌಂಡಿ ಕಂಬದ ಬುಡ ತಟ್ಟಿ ತೋರಿಸಿ, "ನೋಡ್ರೀ ಸಾಹೇಬ್ರ, ಮ್ಯಾಲ ಎಷ್ಟ ಬಣ್ಣ ಹೊಡದ್ರೇನ್ರೀ, ಬುಡದಾಗ ಸರಳೇ ತಿಂದ ಹೋಗ್ಯಾವ" ಎಂದ. ಈ ನಗರಗಳ ಪಾಯ ತೋಡಿದವರಲ್ಲಿ ಆ ಸೀಮೆಯವರು ಎಷ್ಟೋ ಮಂದಿ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಾವು ಹೊರನಾಡ ಕನ್ನಡಿಗರ ಸಾಧನೆಯನ್ನು ಎಣಿಸುವಾಗ ಬ್ಯಾಂಕು, ಹೋಟೆಲು, ಕಚೇರಿಗಳನ್ನು ಹೆಸರಿಸುತ್ತೇವೆ. ಗುಂಡಿಯಲ್ಲಿ ನಿಂತ ಕನ್ನಡ ನಮ್ಮ ಪಟ್ಟಿಗೆ ಬರುವುದು ಅಪರೂಪ. ಕಾಣದ ಪಾಯವನ್ನು ಮರೆಯುವ ಮನಸ್ಸೇ ಪಾಯ ಹಾಕಿದ ಕೈಯನ್ನೂ ಮರೆಯುತ್ತದೆ.

ಈ ಮರೆವು ನಮ್ಮ ದೇಶದ್ದಷ್ಟೇ ಅಲ್ಲ. ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಬಹಳ ಹಳೆಯದೊಂದು ಕೆಥೆಡ್ರಲ್ ಇದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅದರ ಗೋಡೆಗಳು ಬಿರುಕು ಬಿಟ್ಟು ಕುಸಿಯತೊಡಗಿದವು. ಜೌಗು ನೆಲ. ಅಡಿಯಲ್ಲಿ ತೋಡಿದರೆ ಗುಂಡಿಯ ತುಂಬ ನೀರು. ನೀರನ್ನು ಪಂಪಿನಿಂದ ಎಳೆದರೆ ಮಣ್ಣೂ ಜೊತೆಗೆ ಬಂದು ಗೋಡೆಯೇ ಬೀಳುವ ಭಯ. ಕಡೆಗೆ ವಿಲಿಯಂ ವಾಕರ್ ಎಂಬ ಮುಳುಗುಗಾರನನ್ನು ಕರೆಸಿದರು. 1906ರಿಂದ 1911ರವರೆಗೆ ಅವನು ದಿನಕ್ಕೆ ಸುಮಾರು ಆರು ಗಂಟೆ ಕೆಸರುನೀರಿನ ಗಾಢ ಕತ್ತಲೆಯಲ್ಲಿ, ಕೈಯ ಸ್ಪರ್ಶದಿಂದಲೇ ಕೆಲಸ ಮಾಡಿದ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಚೀಲ ಕಾಂಕ್ರೀಟನ್ನು ಗುಂಡಿಗಳ ತಳದಲ್ಲಿ ಹಾಸಿ ನೀರನ್ನು ತಡೆದ. ಆ ಮೇಲೆ ನೀರು ತೆಗೆದು, ಉಳಿದ ಕೆಲಸಗಾರರು ಇಟ್ಟಿಗೆ, ಕಾಂಕ್ರೀಟಿನಿಂದ ಹೊಸ ಪಾಯ ಕಟ್ಟಿದರು. ಕೆಥೆಡ್ರಲ್ ನಿಂತಿತು. 1964ರಲ್ಲಿ ಅವನ ನೆನಪಿಗೊಂದು ಪ್ರತಿಮೆ ಇಟ್ಟರು. ಇಟ್ಟಮೇಲೆ ಗೊತ್ತಾದದ್ದು, ಆ ಮುಖ ವಾಕರನದಲ್ಲ, ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸರದು! ಸರಿಯಾದ ಮುಖದ ಪ್ರತಿಮೆ ಬರಲು 2001 ಆಗಬೇಕಾಯಿತು. ಅಲ್ಲಿ ಪ್ರಾರ್ಥನೆಗೆ ಕೂತವರು ವಾಕರನನ್ನು ಬಲ್ಲರೋ ಇಲ್ಲವೋ, ಅವನು ಮಾಡಿದ ಕೆಲಸದ ಮೇಲೆಯೇ ಕೂತಿದ್ದರು.

ರಿಪೇರಿಯ ಕ್ರಮದಲ್ಲೂ ಒಂದು ಪಾಠವಿದೆ. ನಮ್ಮಲ್ಲಿ ಮೊದಲು ಸೋರುವ ಕೊಳವೆ ಬದಲಾಯಿಸಿದರು. ಕಾರಣ ನಿಲ್ಲದೆ ಬಿರುಕು ತುಂಬಿ ಫಲವಿಲ್ಲ. ಆಮೇಲೆ ತೊಲೆಗಳಿಗೆ ಉಕ್ಕಿನ ಆಸರೆ ಕೊಟ್ಟರು. ಆರು ಕಂಬಗಳನ್ನೂ ಒಟ್ಟಿಗೆ ಬಯಲು ಮಾಡಲಿಲ್ಲ. ಒಂದನ್ನು ತೋಡಿ, ಸಡಿಲಾದ ಕಾಂಕ್ರೀಟು ಕೆತ್ತಿ, ಸರಳಿನ ಹಿಂದಿನವರೆಗೂ ತುಕ್ಕು ಉಜ್ಜಿ, ಸವೆದಲ್ಲಿ ಹೊಸ ಸರಳು ಸೇರಿಸಿ, ಸುತ್ತ ಹೊಸ ಕಾಂಕ್ರೀಟಿನ ಕವಚ ಹಾಕಿ, ದಿನವೂ ನೀರುಣಿಸಿ, ಅದು ಬಲಿತಮೇಲೆಯೇ ದೂರದ ಇನ್ನೊಂದನ್ನು ಮುಟ್ಟಿದರು. ಮೇಲೆ ಇಪ್ಪತ್ತನಾಲ್ಕು ಮನೆಗಳಲ್ಲೂ ಒಲೆ ಉರಿಯುತ್ತಿತ್ತು. ಪಾಯವನ್ನು ಸರಿಪಡಿಸುವುದೆಂದರೆ ಎಲ್ಲವನ್ನೂ ಕಿತ್ತು ಹಾಕುವುದಲ್ಲ. ಬಾಳುವವರನ್ನು ಬಾಳಗೊಡುತ್ತ, ಆಸರೆ ಕೊಟ್ಟು, ಒಂದೊಂದಾಗಿ, ಅವಸರವಿಲ್ಲದೆ. ಮನೆತನಗಳಿಗೂ ಸಂಘಗಳಿಗೂ ಇದೇ ಕ್ರಮ ಒಪ್ಪುತ್ತದೆ.

ಈಗ ಗುಂಡಿ ಮುಚ್ಚಿದೆ. ಹೊಸದಾಗಿ ಬಂದ ಬಾಡಿಗೆದಾರರಿಗೆ ಅಲ್ಲಿ ಏನಾಯಿತೆಂದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವರ ಮಕ್ಕಳು ಅದರ ಮೇಲೆಯೇ ಕ್ರಿಕೆಟ್ ಆಡುತ್ತಾರೆ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಬರುವ ಭಾನುವಾರ ಒಂದು ಗಳಿಗೆ ಕೆಳಗಿಳಿದು ನಿಮ್ಮ ಕಟ್ಟಡದ ಹಿಂಬದಿಗೆ ಹೋಗಿ, ಕಂಬಗಳ ಬುಡ ನೋಡಿ. ಕಡೆಯ ತಪಾಸಣೆ ಎಂದಾಯಿತೆಂದು ಸೆಕ್ರೆಟರಿಯವರನ್ನು ಕೇಳಿ. ಹಾಗೆಯೇ ಊರಿಗೊಂದು ಫೋನು ಮಾಡಿ, ಹಿತ್ತಲ ಗೋಡೆ ಹೇಗಿದೆಯೆಂದು ಅಣ್ಣನನ್ನು ವಿಚಾರಿಸಿ. ನಮ್ಮ ಪಾಲು ಎಷ್ಟಾಗುತ್ತದೆಂದು ಅವರು ಕೇಳುವ ಮೊದಲೇ ನಾವು ಕೇಳೋಣ.